ಗೋಡೆಗೆ ಬಂದ ಬಟ್ಟೆ

ಮನೆಗೆ ಬಣ್ಣ ಹೊಡೆಸುವುದೆಂದರೆ ಅರ್ಧ ಮನೆ ಬದಲಿಸಿದ ಹಾಗೆ. ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಎಷ್ಟೋ ವರ್ಷಗಳ ಮೇಲೆ, 2023ರ ದೀಪಾವಳಿಯ ಮುಂದೆ, ಆ ಯೋಗ ಕೂಡಿ ಬಂತು. ಬಣ್ಣದ ಹುಡುಗರು ಬೆಳಿಗ್ಗೆಯೇ ಬಂದು, "ಅಮ್ಮಾರ, ಗೋಡಿ ಖಾಲಿ ಮಾಡಿ ಕೊಡ್ರಿ" ಎಂದರು. ಖಾಲಿ ಮಾಡುತ್ತ ಹೋದಾಗಲೇ ಗೊತ್ತಾದದ್ದು, ನಮ್ಮ ಗೋಡೆಗಳ ಮೇಲೆ ದೇವರ ಪಟ, ಹಿರಿಯರ ಫೋಟೋಗಳಿಗಿಂತ ಬಟ್ಟೆಯೇ ಹೆಚ್ಚು ತೂಗುತ್ತಿದೆ ಎಂದು. ನನ್ನ ತಾಯಿ ದುಸೂತಿ ಬಟ್ಟೆಯ ಮೇಲೆ ಅಡ್ಡಹೊಲಿಗೆ ಹಾಕಿದ ಜೋಡಿ ನವಿಲು, ಗಾಜಿನ ಚೌಕಟ್ಟಿನೊಳಗೆ. ಮಗಳು ಕಾಲೇಜಿನಲ್ಲಿದ್ದಾಗ ನೂಲಿನ ಹಗ್ಗದಿಂದ ಗಂಟು ಹಾಕಿ ಮಾಡಿದ ಗೂಬೆ, ಮರದ ಮಣಿಯ ಕಣ್ಣಿನದು. ಇಳಕಲ್ ಸೀರೆಯ ಹರಿದ ಸೆರಗನ್ನು ಉಳಿಸಿಕೊಳ್ಳಲೆಂದು ನಾನೇ ಅಂಚು ಮಡಿಸಿ ಹಾಕಿದ ಪಟ್ಟಿ. ಮತ್ತು ಪಡಸಾಲೆಯ ನಟ್ಟನಡುವೆ, ಬಂದವರೆಲ್ಲ ಮೊದಲು ನೋಡುವ ಜಾಗದಲ್ಲಿ, ಕೆಂಪು ಬಟ್ಟೆಯ ಮೇಲೆ ಕನ್ನಡಿ, ಕವಡೆ, ಬಿಳಿ ಹಳದಿ ದಾರದ ಕಸೂತಿ ತುಂಬಿದ ಒಂದು ಲಂಬಾಣಿ ತುಂಡು.

ಈ ತುಂಡನ್ನು ನಾನು 1984ರಲ್ಲಿ ಹೈದರಾಬಾದಿನಲ್ಲಿ ಕೊಂಡದ್ದು. ನಾದಿನಿಯ ಮದುವೆ ಜವಳಿಗೆಂದು ಹೋಗಿದ್ದೆವು. ಜವಳಿಯೆಲ್ಲ ಮುಗಿದ ಮೇಲೆ ಒಂದು ಅಂಗಡಿಯ ಬಾಗಿಲಲ್ಲಿ ಇದು ತೂಗುತ್ತಿತ್ತು. ಕಲಬುರಗಿಯಿಂದ ಅಷ್ಟು ದೂರ ಹೋಗಿ, ನಮ್ಮದೇ ಜಿಲ್ಲೆಯ ತಾಂಡಾಗಳಲ್ಲಿ ದಿನಾ ಕಾಣುವ ಕಸೂತಿಯನ್ನು ಹಣ ಕೊಟ್ಟು ತಂದದ್ದಕ್ಕೆ ನಮ್ಮ ಮಾವನವರು ಬಹಳ ನಕ್ಕಿದ್ದರು. ನಾನೂ ನಕ್ಕಿದ್ದೆ. ಅದರ ಹಿಂಬದಿಯನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ.

ಅಂದು ವರಾಂಡದಲ್ಲಿ ಹಳೆಯ ಚಾದರ ಹಾಸಿ, ಎಲ್ಲವನ್ನೂ ಧೂಳು ಕೊಡವಿ ಹರವಿದ್ದೆ. ಅಷ್ಟರಲ್ಲಿ ಸೀತಾಫಲದ ಬುಟ್ಟಿ ಹೊತ್ತು ಯಾಡಿ ಬಂದಳು. ಯಾಡಿ ಎಂದರೆ ಲಂಬಾಣಿ ಮಾತಿನಲ್ಲಿ ತಾಯಿ. ಕಮಲಾಪುರದ ಹತ್ತಿರದ ತಾಂಡಾದವಳು. ನಮ್ಮ ಓಣಿಗೆ ಮೂವತ್ತು ವರ್ಷಗಳಿಂದ ಬರುತ್ತಾಳೆ, ಸೀತಾಫಲದ ಕಾಲಕ್ಕೆ ಸೀತಾಫಲ, ಉಳಿದಾಗ ಕಮಲಾಪುರದ ಕೆಂಪು ಬಾಳೆಹಣ್ಣು. ಬಂದರೆ ವರಾಂಡದ ಮೆಟ್ಟಿಲ ಮೇಲೆ ಕೂತು, ನೀರು ಕುಡಿದು, ನನ್ನೊಂದಿಗೆ ಹತ್ತು ರೂಪಾಯಿಗಾಗಿ ಹತ್ತು ನಿಮಿಷ ವಾದ ಮಾಡಿ ಹೋಗುವುದು ರೂಢಿ.

ಅಂದು ಬುಟ್ಟಿ ಇಳಿಸಿದವಳು ದರದ ಮಾತೇ ಎತ್ತಲಿಲ್ಲ. ಚಾದರದ ಮೇಲಿನ ಕೆಂಪು ತುಂಡನ್ನು ನೋಡುತ್ತ ಕೂತುಬಿಟ್ಟಳು. ಆಮೇಲೆ ಕೈಯಲ್ಲಿ ಹಿಡಿದು, ತಿರುಗಿಸಿ, ಹಿಂಬದಿಯನ್ನು ಬೆರಳಿನಿಂದ ಸವರಿದಳು.

"ಅಕ್ಕಾರ, ಇದು ನಿಮ್ಮ ಮನ್ಯಾಗ ಹೆಂಗ ಬಂತ್ರಿ?"

ಹೇಳಿದೆ. ಪಡಸಾಲೆಯ ಗೋಡೆ ತೋರಿಸಿ, ಮೊಳೆ ಇದ್ದಲ್ಲಿ ಹೇಗೆ ತೂಗುತ್ತಿತ್ತೆಂದು ಹಿಡಿದೂ ತೋರಿಸಿದೆ. ಯಾಡಿ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು.

"ತೆಳಗಿಂದು ಮ್ಯಾಲ ಮಾಡೀರಲ್ರಿ! ಇದು ಗಣೋ. ಮದ್ವಿ ಹುಡುಗಿ ತಲಿಮ್ಯಾಲ ಸಿಂಬಿ ಇಟ್ಕೊಂಡು ನೀರಿನ ಕೊಡಾ ಹೊರ್ತಾಳಲ್ಲ, ಆ ಸಿಂಬಿಗೆ ಹಚ್ಚಿ ಹಿಂದ ಬೆನ್ನಿನ ಮ್ಯಾಲ ಇಳಿಬಿಡೋದ್ರಿ. ಇಲ್ಲಿ ಸಿಂಬಿ ಇತ್ತು. ಕತ್ತರ್ಸ್ಯಾರ. ಇಲ್ಲಿ ಗೊಂಡೆ ಇದ್ವು. ಅವನ್ನೂ ಕಿತ್ಯಾರ."

ಅವಳು ಬೆರಳಿಟ್ಟ ಕಡೆ ನೋಡಿದೆ. ಹೊಲಿಗೆ ಮುಗಿದಿರಲಿಲ್ಲ, ಕತ್ತರಿ ಅದನ್ನು ಅರ್ಧಕ್ಕೆ ನಿಲ್ಲಿಸಿತ್ತು. ದಾರದ ತುದಿಗಳು ಸಣ್ಣ ಹಲ್ಲಿನಂತೆ ಸಾಲಾಗಿ ಹೊರಗೆ ಚಾಚಿದ್ದವು. ಅಂಗಡಿಯವರು ಅದನ್ನು ಮುಚ್ಚಲು ಮಷಿನ್ನಿನಲ್ಲಿ ಒಂದು ಕಪ್ಪು ಪಟ್ಟಿ ಹೊಡೆದಿದ್ದರು. ಸುಮಾರು ನಲವತ್ತು ವರ್ಷ ನಾನು ಆ ಕಪ್ಪು ಪಟ್ಟಿಯನ್ನೇ ಅದರ ಪಾದ ಎಂದು ತಿಳಿದು ಕೆಳಗೆ ಮಾಡಿ ತೂಗುಹಾಕಿದ್ದೆ.

ಇನ್ನೊಂದು ಮಾತು ಆ ಕ್ಷಣಕ್ಕೆ ತಟ್ಟಿತು. ಮೂವತ್ತು ವರ್ಷ ನಮ್ಮ ಮೆಟ್ಟಿಲ ಮೇಲೆ ಕೂತು ಹೋದ ಯಾಡಿ ಈ ತುಂಡನ್ನು ಈವರೆಗೆ ಏಕೆ ನೋಡಿರಲಿಲ್ಲ? ಮೆಟ್ಟಿಲಿನಿಂದ ಪಡಸಾಲೆಗೆ ಹತ್ತು ಹೆಜ್ಜೆಯೂ ಇಲ್ಲ. ನಾನು ಒಳಗೆ ಕರೆದಿರಲಿಲ್ಲ, ಅಷ್ಟೇ.

ಯಾಡಿ ಹೋದ ಮೇಲೂ ಅದೇ ತಲೆಯಲ್ಲಿ ಸುತ್ತುತ್ತಿತ್ತು. ನಮ್ಮ ಕಡೆಯ ಗೋಡೆಗೆ ಬಟ್ಟೆ ಬಂದದ್ದು ಯಾವಾಗ? ನನ್ನ ತವರಿನ ಮಾಳಿಗೆಯ ಮನೆಯನ್ನು ನೆನೆದರೆ ಅಲ್ಲಿ ಗೋಡೆಯ ಮೇಲೆ ಬಟ್ಟೆಯೇ ಇಲ್ಲ. ಮೊಳ ದಪ್ಪದ ಮಣ್ಣು ಕಲ್ಲಿನ ಗೋಡೆ, ಅದರಲ್ಲಿ ದೀಪದ ಗೂಡು, ಮಾಡ, ಕಟ್ಟಿಗೆಯ ಗೂಟ, ವರ್ಷಕ್ಕೊಮ್ಮೆ ಸುಣ್ಣ, ಕೆಳಗೆ ಕೆಮ್ಮಣ್ಣಿನ ಪಟ್ಟಿ. ಬಟ್ಟೆ ತೂಗಿದರೆ ಅದಕ್ಕೊಂದು ಕೆಲಸ ಇರಬೇಕಿತ್ತು. ಮಾಳಿಗೆಯಿಂದ ಉದುರುವ ಮಣ್ಣು ದೇವರ ಮೇಲೆ ಬೀಳದಿರಲೆಂದು ಜಗುಲಿಯ ಮೇಲೆ ಮೇಲ್ಕಟ್ಟು. ಬಾಣಂತಿ ಕೋಣೆಯ ಬಾಗಿಲಿಗೆ ಗಾಳಿ ತಡೆಯಲು ಹಳೇ ಕಂಬಳಿ. ಮದುವೆಯಲ್ಲಿ ವಧೂವರರ ನಡುವೆ ಹಿಡಿಯುವ, ಅರಿಸಿನ ಕುಂಕುಮದ ಸ್ವಸ್ತಿಕ ಬರೆದ ಅಂತಃಪಟ. ಅದಂತೂ ಮುಹೂರ್ತ ಬರುವವರೆಗಿನ ಗೋಡೆಯೇ ಸರಿ. ಬೇಸಿಗೆಯಲ್ಲಿ ನಲವತ್ತೆರಡು ಡಿಗ್ರಿ ದಾಟುವ ಊರು ನಮ್ಮದು. ಅನುಕೂಲಸ್ಥರು ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರು. ಚಳಿ ದೇಶದ ಸಂಗತಿ ಬೇರೆ. ಯುರೋಪಿನ ಕೋಟೆಗಳ ಕಲ್ಲುಗೋಡೆಗೆ ಉಣ್ಣೆಯ ಚಿತ್ರಪಟ ತೂಗುಹಾಕಿದರೆ ಕೋಣೆ ಬೆಚ್ಚಗಾಗುತ್ತಿತ್ತು, ಚಂದವೂ ಆಗುತ್ತಿತ್ತು. ನಮ್ಮ ಮಣ್ಣಿನ ಗೋಡೆಗೆ ಅದರ ಹಂಗಿರಲಿಲ್ಲ.

ಆದರೆ ಅರಮನೆಗಳ ಮಾತು ಹಾಗಲ್ಲ. ಕಮಲಾಪುರ ದಾಟಿ ಹುಮನಾಬಾದದ ಆಚೆ ಹೋದರೆ ಬಸವಕಲ್ಯಾಣ. ಅಲ್ಲಿ 12ನೆಯ ಶತಮಾನದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಬರೆಸಿದ. ಅರಸನ ಸುಖಭೋಗಗಳನ್ನು ಒಂದೊಂದಾಗಿ ವಿವರಿಸುವ ಆ ಗ್ರಂಥದಲ್ಲಿ ಬಟ್ಟೆಗಳಿಗೇ ಒಂದು ಭಾಗವಿದೆ. ನಾಗಪಟ್ಟಣ, ಕಳಿಂಗ, ವಂಗ, ದೂರದ ಚೀನದವರೆಗೆ ಎಲ್ಲೆಲ್ಲಿಯ ಬಟ್ಟೆ ಕಲ್ಯಾಣದ ಭಂಡಾರಕ್ಕೆ ಬರಬೇಕೆಂಬ ಪಟ್ಟಿ ಅದು. ಓದಿದರೆ ನಮ್ಮ ಜವಳಿ ಬಜಾರೇ ಸಪ್ಪೆ ಎನಿಸುತ್ತದೆ.

ಗೋಡೆಗೆ ಬಟ್ಟೆ ಹೊದಿಸಿದ್ದನ್ನು ಕಣ್ಣಾರೆ ಕಂಡು ಬರೆದವನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್. 1520ರ ಸುಮಾರಿಗೆ ವಿಜಯನಗರದ ಮಹಾನವಮಿ ನೋಡಿದ ಈತ, ಉತ್ಸವಕ್ಕೆ ಕಟ್ಟಿದ ಅಟ್ಟಣೆಗಳಿಗೆಲ್ಲ ಕೆಂಪು ಹಸಿರು ಮಖಮಲ್ಲು ಮತ್ತು ಬೆಲೆಬಾಳುವ ಬಟ್ಟೆಗಳನ್ನು ಇಳಿಬಿಟ್ಟಿದ್ದರೆಂದು ಹೇಳುತ್ತಾನೆ. ಇಂದು ಹಂಪಿಗೆ ಹೋದರೆ ಮಹಾನವಮಿ ದಿಬ್ಬದ ಬರಿಗಲ್ಲು ಕಾಣುತ್ತದೆ. ಮಕ್ಕಳಿಗೆ ಅದನ್ನು ತೋರಿಸಿ ಅರಮನೆ ಎಂದರೆ ನಂಬುವುದಿಲ್ಲ. ಬಟ್ಟೆಯನ್ನು ಕಳಚಿದ ಅರಮನೆ ಅದು. 1347ರಲ್ಲಿ ಬಹಮನಿಯರು ರಾಜಧಾನಿ ಮಾಡಿಕೊಂಡ ನಮ್ಮ ಕಲಬುರಗಿಯ ಕೋಟೆಯೊಳಗೆ ನಿಂತಾಗಲೂ ನನಗೆ ಹಾಗೇ ಅನಿಸುತ್ತದೆ. ಕಲ್ಲು ಉಳಿಯುತ್ತದೆ, ಬಟ್ಟೆ ಉಳಿಯುವುದಿಲ್ಲ. ಆದ್ದರಿಂದ ಇತಿಹಾಸ ಕಲ್ಲಿನದೇ ಆಗಿಬಿಡುತ್ತದೆ, ಹೆಂಗಸರ ಕೈಕೆಲಸ ಅದರಲ್ಲಿ ಕಾಣುವುದೇ ಇಲ್ಲ.

ಮುಂದೆ ಮೊಘಲರು ದಖ್ಖನಿಗೆ ಬಂದಾಗ ಅರಮನೆಯೇ ಬಟ್ಟೆಯದಾಯಿತು. ಔರಂಗಜೇಬ 1686ರಲ್ಲಿ ವಿಜಾಪುರವನ್ನೂ, 1687ರಲ್ಲಿ ಗೋಲ್ಕೊಂಡವನ್ನೂ ಗೆದ್ದ ಮೇಲೆ ಮತ್ತೆ ದಿಲ್ಲಿಗೆ ಮರಳಲೇ ಇಲ್ಲ. 1695ರಿಂದ ನಾಲ್ಕು ವರ್ಷ ಆತನ ಬೀಡು ಇದ್ದದ್ದು ನಮ್ಮ ಜಿಲ್ಲೆಗೇ ಹರಿದು ಬರುವ ಭೀಮಾ ನದಿಯ ದಂಡೆಯ ಬ್ರಹ್ಮಪುರಿಯಲ್ಲಿ. ದರಬಾರು, ಜನಾನ, ಅಡಿಗೆಮನೆ ಎಲ್ಲವೂ ಡೇರೆ. ಆ ಡೇರೆಗಳ ಗೋಡೆಗೆ 'ಕನಾತು' ಎಂದು ಹೆಸರು. ಒಳಬದಿಗೆ ಹೂಬಳ್ಳಿ, ಕಮಾನುಗಳನ್ನು ಬರೆದ ಅಥವಾ ಮುದ್ರಿಸಿದ ಹತ್ತಿ ಬಟ್ಟೆ. ಕೋರಮಂಡಲ ತೀರದಲ್ಲಿ 17ನೆಯ ಶತಮಾನದ ಮೊದಲ ಭಾಗದಲ್ಲಿ ಚಿತ್ರ ಬರೆದು ತಯಾರಿಸಿದ ಇಂಥ ತೂಗುಬಟ್ಟೆಗಳ ಏಳು ಹಾಳೆಗಳು ಈಗ ನ್ಯೂಯಾರ್ಕಿನ ಬ್ರೂಕ್ಲಿನ್ ವಸ್ತುಸಂಗ್ರಹಾಲಯದಲ್ಲಿವೆ. 1914ರಲ್ಲಿ ಅಲ್ಲಿಯ ಅಧಿಕಾರಿ ಇಲ್ಲಿಗೆ ಬಂದು ಕೊಂಡೊಯ್ದದ್ದು.

ಆ ಬೀಡುಗಳಿಗೆಲ್ಲ ಕಾಳುಕಡಿ ತಂದು ಹಾಕುತ್ತಿದ್ದವರು ಯಾರು? ಯಾಡಿಯ ಹಿರಿಯರು. ಎತ್ತಿನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದೇಶ ಸುತ್ತಿದ ಬಂಜಾರರು. 1632ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ ಉತ್ತರದಲ್ಲಿ ಕಂಡ ಒಂದೇ ಒಂದು ತಾಂಡಾದಲ್ಲಿ 14,000 ಎತ್ತುಗಳಿದ್ದವಂತೆ. ಇವರದೂ ಬಟ್ಟೆಯ ಮನೆ. ಬಾದಶಹನ ಡೇರೆಗೂ ಬಂಜಾರರ ಡೇರೆಗೂ ಅಂತರ ಇದ್ದದ್ದು ನಿಜ. ಆದರೆ ಒಂದು ಮಾತು ಇಬ್ಬರಿಗೂ ಸಮ: ಗೋಡೆಯನ್ನು ಮಡಿಸಿ ಎತ್ತಿನ ಮೇಲೆ ಹೇರಬೇಕು. ಗೋಡೆ ಇಲ್ಲದವರಿಗೆ ಗೋಡೆಯ ಅಲಂಕಾರ ಎಲ್ಲಿಂದ ಬರಬೇಕು? ಅವರು ಅಲಂಕಾರವನ್ನೆಲ್ಲ ಮೈಮೇಲೆ ಹೊತ್ತರು. ಹೆಂಗಸರ ಫೇಟಿಯಾ ಎಂಬ ಲಂಗ, ಬೆನ್ನು ಬಿಟ್ಟ ಕಾಂಚಳಿ, ತಲೆಯ ಮೇಲಿನ ಟುಕ್ರಿ, ದುಡ್ಡಿನ ಚೀಲ, ಎತ್ತಿನ ಜೂಲು, ನೀರಿನ ಕೊಡದ ಸಿಂಬಿ, ಅದಕ್ಕೊಂದು ಗಣೋ. ಒಂದು ಮನೆಯ ಒಳಗಿರಬೇಕಾದ ಚಂದವೆಲ್ಲ ಬಿಸಿಲಿನಲ್ಲಿ ನಡೆದಾಡುತ್ತಿತ್ತು.

ಅದನ್ನು ನಿಲ್ಲಿಸಿದ್ದು ರೈಲು. ಮುಂಬೈಯಿಂದ ಹೊರಟ ಹಳಿ ಕಲಬುರಗಿ, ಶಹಾಬಾದ, ವಾಡಿಗಳನ್ನು ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. ನಮಗೆ ಶಾಲೆಯಲ್ಲಿ ಅದನ್ನು ಪ್ರಗತಿ ಎಂದು ಕಲಿಸಿದರು, ಪ್ರಗತಿಯೇ ಹೌದು. ಆದರೆ ಸಾವಿರ ಎತ್ತು ಹೊರುವುದನ್ನು ಒಂದು ಗೂಡ್ಸ್ ಗಾಡಿ ಹೊತ್ತುಬಿಟ್ಟಿತು. ಅದೇ 1871ರಲ್ಲಿ ಬ್ರಿಟಿಷರು ಅಲೆಮಾರಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದುಕೊಳ್ಳುವ ಕಾಯಿದೆಯನ್ನೂ ತಂದರು. ಕ್ರಮೇಣ ತಾಂಡಾಗಳು ಊರುಗಳ ಹೊರಗೆ, ಗುಡ್ಡದ ಮಗ್ಗುಲಿಗೆ, ಕಾಡಿನ ಅಂಚಿಗೆ ನೆಲೆ ನಿಂತವು. ಕಮಲಾಪುರದ ಸುತ್ತಲಿನ ತಾಂಡಾಗಳನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾದೀತು. ನಿಂತ ಮೇಲೆ ಕಟ್ಟಿಗೆ, ಹಣ್ಣು, ಕೂಲಿ.

ಇತ್ತ ಊರೊಳಗಿನ ನಮ್ಮ ಮನೆಗಳಿಗೆ ಗೋಡೆಯ ಬಟ್ಟೆ ಬಂದದ್ದು ಬೇರೊಂದು ಬಾಗಿಲಿನಿಂದ, ಶಾಲೆಯ ಬಾಗಿಲಿನಿಂದ. ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೊಲಿಗೆಯ ಪಿರಿಯಡ್ ಇರುತ್ತಿತ್ತು. ನನ್ನ ತಾಯಿ ಅಲ್ಲಿ ಕಲಿತದ್ದು ಎರಡೇ, ಗುಂಡಿ ಮನೆ ಮಾಡುವುದು ಮತ್ತು ಅಡ್ಡಹೊಲಿಗೆ. ಗುಂಡಿ ಮನೆ ಗಂಡಸರ ಅಂಗಿಗೆ ಹೋಯಿತು, ಅಡ್ಡಹೊಲಿಗೆ ಗೋಡೆಗೆ ಬಂತು. ಗಿಳಿ, ನವಿಲು, ಗುಲಾಬಿ, ಯಾವ ಊರಿನದೆಂದು ಗೊತ್ತಿಲ್ಲದ ಹೆಂಚಿನ ಮನೆ ಮತ್ತು ಅದರ ಮುಂದೊಂದು ಹಂಸ, ಮೇಲೆ 'ಸುಸ್ವಾಗತ'. ಆ ಹಂಸವನ್ನು ಕಲಬುರಗಿಯಲ್ಲಿ ಯಾರೂ ಕಂಡಿರಲಿಲ್ಲ. ಆದರೂ ಪ್ರತಿ ಮನೆಯಲ್ಲೂ ಅದು ಈಜುತ್ತಿತ್ತು. ನಮ್ಮ ಗಡಿಭಾಗದ ಮದುವೆಗಳಲ್ಲಿ ಮರಾಠಿಯವರಿಂದ ಬಂದ ರುಖವತದ ಪದ್ಧತಿಯೂ ಇದಕ್ಕೆ ಕೂಡಿಕೊಂಡಿತು. ವಧು ಕೈಯಾರೆ ಮಾಡಿದ್ದನ್ನೆಲ್ಲ ಮದುವೆಮನೆಯಲ್ಲಿ ಮೇಜಿನ ಮೇಲೆ ಜೋಡಿಸಿ ಇಡುವುದು. ಬೀಗರ ಕಡೆಯ ಹೆಂಗಸರು ಬಂದು ಹಿಂದೆ ತಿರುವಿ ನೋಡುತ್ತಿದ್ದರು. ಹಿಂಬದಿ ಸ್ವಚ್ಛ ಇದ್ದರೆ ಹುಡುಗಿ ಗಟ್ಟಿ. ನನ್ನ ಮದುವೆಯಲ್ಲಿ ನನ್ನ ನವಿಲನ್ನೂ ಹೀಗೆ ತಿರುವಿ ನೋಡಿದ್ದರು, ನಾನು ಮೂಲೆಯಲ್ಲಿ ಕೂತು ಬೆವರಿದ್ದೆ. ಅಂಥವಳು ಹೈದರಾಬಾದಿನ ಅಂಗಡಿಯಲ್ಲಿ ಆ ತುಂಡನ್ನು ಮಾತ್ರ ತಿರುವಿ ನೋಡಲಿಲ್ಲ!

ಆಮೇಲೆ ಬಂತು ಮಖಮಲ್ಲಿನ ಕಾಲ. ಮಷಿನ್ನಿನಲ್ಲಿ ನೇಯ್ದ ಜಿಂಕೆ, ಹುಲಿ, ಜಲಪಾತ. ಗಲ್ಫ್ ದೇಶಗಳಿಗೆ ದುಡಿಯಲು ಹೋದವರು, ಹಜ್ ಮುಗಿಸಿ ಬಂದವರು ಮಕ್ಕಾ ಮದೀನಾದ ಚಿತ್ರವಿರುವ ದೊಡ್ಡ ಮಖಮಲ್ಲುಗಳನ್ನು ತಂದರು. ಖ್ವಾಜಾ ಬಂದೇ ನವಾಜರ ಉರುಸಿನ ಅಂಗಡಿಗಳಲ್ಲಿ, ಶರಣಬಸವೇಶ್ವರ ಜಾತ್ರೆಯಲ್ಲಿ ಜಿಂಕೆ ಹುಲಿಗಳು ಹಗ್ಗದ ಮೇಲೆ ತೂಗಿದವು. ಕೈಕೆಲಸ ಮಾಡುವ ನಾವು ಮೂಗು ಮುರಿದೆವು. ಆದರೆ ಒಂದು ಒಪ್ಪಿಕೊಳ್ಳಬೇಕು, ಅವು ಗೋಡೆಯ ಬಿರುಕನ್ನು ಚೆನ್ನಾಗಿ ಮುಚ್ಚುತ್ತಿದ್ದವು.

ಹೊದಿಯುವ ಬಟ್ಟೆ ಗೋಡೆಗೆ ಏರುವುದು ಈಚಿನ ಫ್ಯಾಷನ್ನೇ ಎಂದು ಕೇಳಿದರೆ, ಅಲ್ಲ. ನಮ್ಮ ಕಡೆ ಮಂಚದ ಹೊದಿಕೆಗೆ ಪಲಂಗಪೋಸ ಎನ್ನುತ್ತೇವೆ. ಕೋರಮಂಡಲದ ಚಿತ್ರದ ಪಲಂಗಪೋಸಗಳು ಹಡಗು ಹತ್ತಿ ಯುರೋಪಿಗೆ ಹೋಗಿ 'ಪಲಂಪೋರ್' ಆದವು. ಅಲ್ಲಿಯ ಸಿರಿವಂತರು ಅವನ್ನು ಮಂಚಕ್ಕೂ ಹಾಸಿದರು, ಗೋಡೆಗೂ ತೂಗುಹಾಕಿದರು. ಅಲ್ಲಿಯ ನೇಕಾರರ ಗೋಳು ಎಷ್ಟು ಹೆಚ್ಚಿತೆಂದರೆ 1686ರಲ್ಲಿ ಫ್ರಾನ್ಸ್ ನಮ್ಮ ಬಣ್ಣದ ಹತ್ತಿ ಬಟ್ಟೆಯನ್ನು ನಿಷೇಧಿಸಿತು, ಇಂಗ್ಲೆಂಡೂ ಅದೇ ದಾರಿ ಹಿಡಿಯಿತು. ಈಗ ಕೌದಿಯ ಸರದಿ. ಹಳೇ ಸೀರೆ ಧೋತರದ ಪದರು ಸೇರಿಸಿ ಸಾಲುಹೊಲಿಗೆ ಹಾಕಿದ ನಮ್ಮ ಕೌದಿ ಚಳಿಗಾಲದ ಬಂಧು. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳು 2011ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡವು. ಕೌದಿಯ ಮೂಲೆಗೆ ಅವರು ಮಡಿಕೆಯ ತುಂಡುಗಳಿಂದ 'ಫೂಲ' ಇಡುತ್ತಾರೆ. ಅದಿಲ್ಲದ ಕೌದಿ ಅವರ ಲೆಕ್ಕಕ್ಕೆ ಬತ್ತಲೆ. ನನ್ನ ಮಗಳು ಅವಳ ಮುತ್ತಜ್ಜಿಯ ಕೌದಿಯನ್ನು ಪುಣೆಯ ಫ್ಲಾಟಿನ ಗೋಡೆಗೆ ಏರಿಸಿದ್ದಾಳೆ. ನನ್ನ ತಾಯಿ ಇದ್ದಿದ್ದರೆ, "ಹುಡುಗಿ, ಕೌದಿ ಒಣಗಿತು, ಇನ್ನ ತೆಗಿ" ಎನ್ನುತ್ತಿದ್ದರು.

ದೀಪಾವಳಿ ಮುಗಿದ ಮೇಲೆ ನಾನು ಗಣೋವನ್ನು ಚೀಲದಲ್ಲಿಟ್ಟುಕೊಂಡು ಕಮಲಾಪುರಕ್ಕೆ ಹೋದೆ. ಹುಮನಾಬಾದ ರಸ್ತೆಯಲ್ಲಿ ಮಹಾಗಾಂವ ಕ್ರಾಸ್ ದಾಟಿ, ನಮ್ಮಲ್ಲಿಂದ 35 ಕಿಲೋಮೀಟರಿನ ಆಸುಪಾಸು. ಮೂವತ್ತು ವರ್ಷ ಯಾಡಿ ಬುಟ್ಟಿ ಹೊತ್ತು ಬಂದ ದಾರಿಯನ್ನು ನಾನು ಒಮ್ಮೆಯೂ ಅವಳಿಗಾಗಿ ತುಳಿದಿರಲಿಲ್ಲ. ಮನಸ್ಸಿನಲ್ಲಿ ಒಂದು ಯೋಜನೆ ಇತ್ತು: ಇದು ನಿಮ್ಮದು, ನೀನೇ ಇಟ್ಟುಕೋ ಎಂದು ಕೊಟ್ಟುಬಿಡುವುದು. ದಾರಿಯುದ್ದಕ್ಕೂ ಆ ಮಾತನ್ನು ಹೊಂದಿಸಿಕೊಂಡೇ ಹೋದೆ.

ಯಾಡಿಯ ಮನೆ ಈಗ ಆರ್‌ಸಿಸಿ. ಒಳಗೆ ಕೂಡಿಸಿ ಚಹ ಕೊಟ್ಟಳು. ಎದುರಿನ ಗೋಡೆಯ ಮೇಲೆ ಸೇವಾಲಾಲ ಮಹಾರಾಜರ ಪಟ, ಮಗ್ಗುಲಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಹಾಕಿ ಕಟ್ಟು ಹಾಕಿಸಿದ ಒಂದು ಸರಕಾರಿ ಕಾಗದ. ಮನೆಯ ಹಕ್ಕುಪತ್ರ. 2023ರ ಜನವರಿ 19ರಂದು ಮಳಖೇಡದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಂಚಿದರಲ್ಲ, ಆಗಿನದು. ಎತ್ತು ನಿಂತು ನೂರೈವತ್ತು ವರ್ಷದ ಮೇಲೆ ಗೋಡೆ ಇವರದೆಂದು ಬರೆದುಕೊಟ್ಟಿದ್ದರು. ಮತ್ತು ಆ ಎರಡರ ನಡುವೆ, ಗೋಡೆಯ ಅರ್ಧಭಾಗ ತುಂಬಿಕೊಂಡು, ಮಖಮಲ್ಲಿನ ಜಿಂಕೆ!

"ಬಂದೇನವಾಜ್ ಉರುಸಿನ್ಯಾಗ ತಂದೆ. ಚಂದ ಅದ ಇಲ್ರಿ?"

"ಚಂದ ಅದ" ಎಂದೆ. ಆಗ ಅದು ನಿಜಕ್ಕೂ ಚಂದವೇ ಕಂಡಿತು.

ನಾನು ಗಣೋ ತೆಗೆದು, ಹೊಂದಿಸಿಟ್ಟ ಮಾತು ಹೇಳಿದೆ. ಯಾಡಿ ತಲೆ ಅಲ್ಲಾಡಿಸಿದಳು. "ಇದು ನಮ್ದಲ್ರಿ. ಈ ಟಾಕಿ ನಮ್ಮ ಕಡಿದಲ್ಲ. ಇದು ಬ್ಯಾರೆ ತಾಂಡಾದಾಕಿ ಕೈ. ನಮ್ದು ಹೋಗಿದ್ದು ಹೋತು."

ಆಮೇಲೆ ಹೇಳಿದಳು. 1972ರ ಬರ. ಇವಳ ಮದುವೆಯಾಗಿ ಎರಡು ವರ್ಷ. ಗುಡ್ಡದಲ್ಲಿ ಸೊಪ್ಪೂ ಇಲ್ಲದೆ ಹೋದಾಗ ಬರಗಾಲದ ಕಾಮಗಾರಿಯಲ್ಲಿ ಜಲ್ಲಿ ಒಡೆದರು. ಆಗ ಶಹರದ ಕಡೆಯಿಂದ ಒಬ್ಬ ವ್ಯಾಪಾರಿ ತಾಂಡಾಕ್ಕೆ ಬರುತ್ತಿದ್ದ. ಹಳೇ ಫೇಟಿಯಾ, ಕಾಂಚಳಿ, ಗಣೋ ಎಲ್ಲ ಕೊಳ್ಳುತ್ತಿದ್ದ, ತಕ್ಕಡಿಯಲ್ಲಿ ತೂಗಿ. ಇವಳ ತಾಯಿ ಎರಡು ವರ್ಷ ಕೂತು ಮಗಳ ಮದುವೆಗೆ ಹೊಲಿದದ್ದು ಒಂದು ಮಧ್ಯಾಹ್ನ ನಾಲ್ಕು ಸೇರು ಜೋಳವಾಯಿತು. "ಕನ್ನಡಿ ಇದ್ದದ್ದಕ್ಕ ತೂಕ ಜಾಸ್ತಿ ಬಂತ್ರಿ" ಎಂದಳು. ಅದನ್ನು ದುಃಖದಿಂದ ಹೇಳಲಿಲ್ಲ. ಒಳ್ಳೆಯ ಲೆಕ್ಕ ಸಿಕ್ಕಿತ್ತು ಎಂಬಂತೆ ಹೇಳಿದಳು.

ಆ ದಶಕದಲ್ಲಿ ಪರದೇಶದವರಿಗೆ ನಮ್ಮ ಹಳ್ಳಿಯ ಕಸೂತಿಯ ಹುಚ್ಚು ಹಿಡಿದಿತ್ತು. ಗೋವೆಯ ಅಂಜುನಾದ ಸಂತೆಯಲ್ಲಿ, ದಿಲ್ಲಿಯ ಜನಪಥದಲ್ಲಿ ಹಳೇ ಲಂಗಗಳು ತುಂಡಾಗಿ ಚೀಲ, ದಿಂಬಿನ ಹೊದಿಕೆ, ಗೋಡೆಯ ಪಟ್ಟಿಗಳಾದವು. ಲಂಬಾಣಿ ಹೆಂಗಸರೇ ಸಂತೆಗೆ ಹೋಗಿ ಮಾರಲು ಕಲಿತದ್ದೂ ಇದೆ. ಸಂಡೂರಿನಲ್ಲಿ ಕುಶಲ ಕಲಾ ಕೇಂದ್ರ ಅವರ ಕೈಗೆ ಹೊಸ ಬಟ್ಟೆ ಕೊಟ್ಟು, ಹೊಸದನ್ನೇ ಹೊಲಿಸಿ ಮಾರುವ ದಾರಿ ಹಿಡಿಯಿತು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ. ಅಲ್ಲಿ ಲೆಕ್ಕ ಹಾಕಿ ಹದಿನಾಲ್ಕು ಬಗೆಯ ಹೊಲಿಗೆ ಗುರುತಿಸಿದ್ದಾರೆ. ಕಿಲನ್, ವೇಲೆ, ಮಾಕಿ, ರೇಲೋ, ತೇರ ದೋರಾ ಎಂದೆಲ್ಲ ಹೆಸರು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 1,755 ಲಂಬಾಣಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯನ್ನೂ ಮಾಡಿದರು. ಕಲಬುರಗಿಯ ತಾಂಡಾಗಳಿಗೆ ಆ ಮಟ್ಟದ ಹೆಸರು ಬರಲಿಲ್ಲ. ಯಾಡಿಗೆ ಹೊಲಿಗೆಯ ಹೆಸರು ಕೇಳಿದರೆ, "ಹೆಸ್ರ್ಯಾಕ್ರಿ, ಕೈಗೆ ಗೊತ್ತದ" ಎಂದಳು.

ಗಣೋವನ್ನು ಅವಳು ಇಟ್ಟುಕೊಳ್ಳಲಿಲ್ಲ. ಬದಲಿಗೆ, "ಬೇಕಿದ್ರ ಸಿಂಬಿ ಮಾಡಿ ಹಚ್ಚಿಕೊಡ್ತೀನಿ, ಗೊಂಡೆನೂ ಕಟ್ತೀನಿ. ಕೆಂಪು ಬಿಳಿ ದಾರ ತರ್ರಿ, ಕವಡಿ ತರ್ರಿ" ಎಂದಳು. ಕೂಲಿ ಇಷ್ಟು ಎಂದೂ ಹೇಳಿದಳು. ಸೀತಾಫಲಕ್ಕೆ ಹತ್ತು ನಿಮಿಷ ವಾದ ಮಾಡುವ ನಾನು ಸುಮ್ಮನೆ ಹೂಂ ಎಂದೆ. ಕಮಲಾಪುರದ ಅಂಗಡಿಯಲ್ಲಿ ಆಂಕರ್ ದಾರದ ಲಡಿ ಸಿಕ್ಕಿತು, ಕವಡೆಗೆ ಕಲಬುರಗಿಯ ಬಜಾರೆಲ್ಲ ಅಲೆದೆ. ಯಾಡಿಗೆ ಈಗ ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದು. ನರ್ಸಿಂಗ್ ಓದುವ ಮೊಮ್ಮಗಳು ರಜೆಗೆ ಬಂದಾಗ ಹತ್ತು ಹದಿನೈದು ಸೂಜಿ ಒಟ್ಟಿಗೆ ಪೋಣಿಸಿ ಬಟ್ಟೆಗೆ ಚುಚ್ಚಿಟ್ಟು ಹೋಗುತ್ತಿದ್ದಳಂತೆ. ಎರಡು ತಿಂಗಳಾಯಿತು. ಕಪ್ಪು ಪಟ್ಟಿ ಬಿಚ್ಚಿ, ಕತ್ತರಿಸಿದ ಅಂಚಿಗೆ ಹೊಸ ಸಿಂಬಿ ಹಚ್ಚಿದ್ದಳು. ನಡುವೆ ದಾರ ಸವೆದು ಹೋದ ಒಂದು ಹೂವನ್ನು ಮಾತ್ರ ಮುಟ್ಟಿರಲಿಲ್ಲ. ಕೇಳಿದ್ದಕ್ಕೆ, "ಅದು ಆಕಿದು. ನಾ ಹೊಲದ್ರ ನಂದಾಗ್ತದ" ಎಂದಳು.

ತೂಗುಹಾಕುವುದನ್ನೂ ನಾನು ಹೊಸದಾಗಿ ಕಲಿಯಬೇಕಾಯಿತು. ಹಿಂದೆ ಎರಡು ಮೂಲೆಗೆ ಮೊಳೆ ಹೊಡೆದಿದ್ದೆ, ಕನ್ನಡಿಯ ಭಾರಕ್ಕೆ ಬಟ್ಟೆ ಜೋಲು ಬಿದ್ದು ನಡುವೆ ಹಿಂಜಿತ್ತು. ಈಗ ಹಿಂದೆ ಒಗೆದು ಗಂಜಿ ತೆಗೆದ ಕೋರಾ ಬಟ್ಟೆಯ ಅಸ್ತರಿ ಕೊಟ್ಟು, ಮೇಲೆ ಉದ್ದಕ್ಕೂ ಒಂದು ನಾಳ ಹೊಲಿದು, ಅದರಲ್ಲಿ ಕೋಲು ತೂರಿಸಿದ್ದೇನೆ. ಭಾರ ಎಲ್ಲ ಕಡೆ ಸಮನಾಗಿ ಬೀಳುತ್ತದೆ. ಪಶ್ಚಿಮದ ಬಿಸಿಲು ಬೀಳುವ ಗೋಡೆ ಬೇಡ, ಆ ಕೆಂಪು ನಾಲ್ಕು ಬೇಸಿಗೆಗೆ ಗುಲಾಬಿಯಾಗುತ್ತದೆ. ಮಳೆಗಾಲದಲ್ಲಿ ತೇವ ಹೀರುವ ಗೋಡೆಯೂ ಬೇಡ. ನೀರಿಗಂತೂ ಹಾಕಲೇಬೇಡಿ, ಕೆಂಪು ಬಿಟ್ಟುಕೊಂಡು ಬಿಳಿ ದಾರವೆಲ್ಲ ಹಾಳು. ಮೆತ್ತನೆಯ ಕುಂಚದಿಂದ ಧೂಳು ಒರೆಸಿದರೆ ಸಾಕು. ಆರು ತಿಂಗಳಿಗೊಮ್ಮೆ ಇಳಿಸಿ, ಹಿಂಬದಿ ನೋಡಿ, ನೆರಳಿನಲ್ಲಿ ಗಾಳಿಗೆ ಹಾಕಬೇಕು. ಹುಳ ಮೊದಲು ಹಿಂದಿನಿಂದಲೇ ಬರುತ್ತದೆ.

ಸಿಂಬಿ ಹಚ್ಚಿದ ಗಣೋ ತೂಗುಹಾಕಿದ ದಿನ ಯಾಡಿ ಬಾಳೆಹಣ್ಣಿನ ಬುಟ್ಟಿಯೊಂದಿಗೆ ಬಂದಳು. ಬುಟ್ಟಿ ಮೆಟ್ಟಿಲ ಮೇಲೆ ಇಳಿಸಿ, ಈ ಸಲ ನಾನು ಕರೆದೆನೆಂದು ಒಳಗೆ ಬಂದಳು. ಪಡಸಾಲೆಯ ನಡುವೆ ನಿಂತು ಬಹಳ ಹೊತ್ತು ನೋಡಿದಳು. ಗೋಡೆಯ ಹೊಸ ಬಣ್ಣಕ್ಕೆ ಆ ಕೆಂಪು ಹೊಂದುವುದಿಲ್ಲವೆಂದು ನನ್ನ ಸೊಸೆ ಆಗಲೇ ಹೇಳಿಯಾಗಿತ್ತು. ಯಾಡಿಯದು ಬೇರೆಯೇ ತಕರಾರು.

"ಭಾಳ ಎತ್ತರ ಆತ್ರಿ. ಹೆಣ್ಮಗಳ ತಲಿ ಎಲ್ಲಿಗೆ ಬರ್ತದ ಅಲ್ಲಿರ್ಲಿ ಸಿಂಬಿ."

ಸ್ಟೂಲು ತಂದೆ. ಅವಳೇ ಗೋಡೆಗೆ ಬೆನ್ನು ಹಚ್ಚಿ ನಿಂತು, ಅಂಗೈಯನ್ನು ನೆತ್ತಿಯ ಮೇಲೆ ಮಟ್ಟಸವಾಗಿ ಇಟ್ಟು ತೋರಿಸಿದಳು. ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ, ಎರಡು ಹೊಸ ಮೊಳೆ ಹೊಡೆದೆ. ಮೇಲಿನ ಹಳೆಯ ಮೊಳೆಯ ತೂತುಗಳು ಹೊಸ ಬಣ್ಣದಲ್ಲಿ ಎದ್ದು ಕಾಣುತ್ತವೆ. ಮುಚ್ಚಿಸಬೇಕು ಅಂದುಕೊಳ್ಳುತ್ತೇನೆ, ಇನ್ನೂ ಆಗಿಲ್ಲ.